ಆರೋ, ಒಂಬತ್ತೋ: ತಾತನ ಇನಾಂ ಆದೇಶ ಹುಡುಕಿದ ಲೆಕ್ಕ

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಸುಟ್ಟ ಮೋಟಾರಿನ ಹಳೆ ಕಾಯಿಲ್ ಕೀಳುವ ಮೊದಲು ಎಷ್ಟು ಸುತ್ತು, ಯಾವ ಗೇಜ್ ತಂತಿ ಅಂತ ಬರೆದಿಟ್ಟುಕೊಳ್ಳುತ್ತೇನೆ. ಬರೆಯದೆ ಕಿತ್ತರೆ ಕಥೆ ಮುಗಿದಂತೆ. ಅದೇ ಅಭ್ಯಾಸದಲ್ಲಿ ಈ ಐದು ತಿಂಗಳ ಅಲೆದಾಟವನ್ನೂ ನೋಟ್‌ಬುಕ್ಕಿನಲ್ಲಿ ಗೀಚಿದ್ದೆ. ತಪ್ಪುಗಳನ್ನು ಅಳಿಸದೆ ಇಲ್ಲಿ ಇಳಿಸಿದ್ದೇನೆ.

ಬೇಕಾಗಿದ್ದು ಒಂದೇ ಕಾಗದ. ನಮ್ಮೂರು ಹಿಂದೆ ಜೋಡಿ ಗ್ರಾಮ. ಊರಿಗೆ ಊರೇ ಇನಾಂ, ಅಂದರೆ ಹಿಂದಿನ ಆಳುವವರು ದಾನವಾಗಿ ಬಿಟ್ಟುಕೊಟ್ಟದ್ದು. ಜೋಡಿದಾರರು ಸರ್ಕಾರಕ್ಕೆ ಜೋಡಿ ಅಂತ ಒಂದಿಷ್ಟು ಕಟ್ಟುತ್ತಿದ್ದರು, ಉಳುವವರಿಂದ ಗೇಣಿ ವಸೂಲು ಮಾಡುತ್ತಿದ್ದರು. 1954 ಮತ್ತು 1955ರ ಕಾಯ್ದೆಗಳಲ್ಲಿ ಇನಾಂ ರದ್ದಾಯಿತು. ಉಳುತ್ತಿದ್ದವರು ಇನಾಂ ರದ್ದತಿ ವಿಶೇಷ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಮ್ಮ ತಾತನೂ ಹಾಗೇ ಮಾಡಿಸಿಕೊಂಡಿದ್ದರು. ಪಹಣಿಯಲ್ಲಿ ‘ಇನಾಂ ಆದೇಶದಂತೆ’ ಅಂತ ಇದೆ. ಆದರೆ ಆ ಆದೇಶ ಮನೆಯಲ್ಲಿ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ತಂಟೆ. ಪಹಣಿಯಲ್ಲಿ ನಮ್ಮ ಜಮೀನು 2 ಎಕರೆ 4 ಗುಂಟೆ. ದೊಡ್ಡಪ್ಪನ ಬಳಿ ಇರುವ ಒಂದು ಹಳೇ ಕಂದಾಯ ರಸೀದಿಯಲ್ಲಿ 2 ಎಕರೆ 14 ಗುಂಟೆ. ಆ ಹತ್ತು ಗುಂಟೆಯನ್ನು ಪಕ್ಕದ ಜಮೀನಿನವರು ನುಂಗಿದ್ದಾರೆ ಅಂತ ದೊಡ್ಡಪ್ಪ ನಾನು ಹುಟ್ಟುವ ಮೊದಲಿನಿಂದ ಜಗಳ ಆಡುತ್ತಿದ್ದಾರೆ. ಎರಡು ಮನೆಗೂ ಮಾತಿಲ್ಲ.

ಮೇ 26, ಸೋಮವಾರ

ಅಂಗಡಿ ಶೆಡ್ಡಿಗೆ ಸಾಲ ಕೇಳಿದ್ದೆ. ಬ್ಯಾಂಕಿನ ವಕೀಲರು ಒಂದು ಪಟ್ಟಿ ಕೊಟ್ಟರು. ಮೂರನೇ ಸಾಲಿನಲ್ಲಿ ‘ಇನಾಂ ರದ್ದತಿ ಆದೇಶದ ದೃಢೀಕೃತ ನಕಲು’ ಅಂತ ಇತ್ತು. ದೃಢೀಕೃತ ಎಂಬ ಪದದ ಕೆಳಗೆ ಅವರೇ ಗೆರೆ ಎಳೆದಿದ್ದರು. ನಾನು ಆಗ ಗಮನಿಸಲಿಲ್ಲ. ಮುಂದೆ ಅದಕ್ಕೆ ಬೆಲೆ ತೆತ್ತೆ.

ಜೂನ್ 9. ಟ್ರಂಕು

ಅಟ್ಟದ ಮೇಲಿನ ಟ್ರಂಕಿನಲ್ಲಿ ಕಂದಾಯ ರಸೀದಿಗಳು, ಎರಡು ಮದುವೆ ಲಗ್ನಪತ್ರಿಕೆ, ಬೆಳ್ಳಿಹುಳು ತಿಂದ ಒಂದು ಪಂಚಾಂಗ. ಅವುಗಳ ಮಧ್ಯೆ ಅಂಗೈಯಷ್ಟು ಹರಿದ ಚೀಟಿ. ನೀಲಿ ಶಾಯಿ ಮಾಸಿ ಹೋಗಿತ್ತು. ಟಾರ್ಚನ್ನು ಮೇಲಿನಿಂದ ಹಿಡಿದರೆ ಏನೂ ಕಾಣಲಿಲ್ಲ. ಕಾಗದದ ಮಟ್ಟಕ್ಕೆ ತಂದು ಓರೆಯಾಗಿ ಹಿಡಿದೆ. ನಿಬ್ಬು ಒತ್ತಿದ ಗುರುತು ನೆರಳಾಗಿ ಎದ್ದು ಕಂಡಿತು. ಇದೊಂದು ಮಾತ್ರ ಮೊದಲ ಸಲವೇ ಸರಿಯಾಗಿ ಆದ ಕೆಲಸ.

ಓದಿಕೊಂಡದ್ದು: ಇನಾಂ ಕೇಸ್ ನಂ. 91/59-60. ಇದು ತಪ್ಪು ಓದು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಜೂನ್ 16. ತಾಲ್ಲೂಕು ರೆಕಾರ್ಡ್ ರೂಮ್

ಬಾಗಿಲ ಮೇಲೆ ‘ಅಭಿಲೇಖಾಲಯ’ ಅಂತ ಬೋರ್ಡು. ಒಳಗೆ ಕಬ್ಬಿಣದ ರ‍್ಯಾಕು, ಹೋಬಳಿವಾರು, ಗ್ರಾಮವಾರು ಬಟ್ಟೆಯ ಗಂಟುಗಳು. ಈಗಿನ ಸರ್ವೆ ನಂಬರ್ ಬರೆದು ಇನಾಂ ಆದೇಶ ಬೇಕು ಅಂದೆ. ಮಧ್ಯಾಹ್ನದವರೆಗೆ ನಿಲ್ಲಿಸಿ ‘ಈ ನಂಬರಿಗೆ ಏನೂ ಇಲ್ಲ’ ಅಂದರು. ಕೈಬರಹದ ಪಹಣಿ, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕುಗಳ ದಾಖಲೆ) ಪುಟಗಳ ನಕಲು ಸಿಕ್ಕಿತು. ಎಲ್ಲ ಸೇರಿ 240 ರೂಪಾಯಿ. ಗಣಕೀಕೃತ ಪಹಣಿ 2000ದ ಆಚೀಚೆಯಿಂದ ಮಾತ್ರ ಸಿಗುವುದು. ಅದಕ್ಕೂ ಹಿಂದಿನದು ಬೇಕಾದರೆ ಈ ಕೈಬರಹದ್ದೇ ಗತಿ.

ಇಲ್ಲಿ ಎರಡು ತಪ್ಪು ಮಾಡಿದೆ.

ಒಂದು, ‘ಇಲ್ಲ’ ಅಂದದ್ದನ್ನು ಬಾಯಿಮಾತಲ್ಲಿ ಕೇಳಿಕೊಂಡು ಬಂದೆ. ಅರ್ಜಿ ಕೊಟ್ಟು ಹಿಂಬರಹ ಕೇಳಬೇಕಿತ್ತು. ‘ಸದರಿ ಕಡತ ಈ ಕಚೇರಿಯಲ್ಲಿ ಲಭ್ಯವಿಲ್ಲ’ ಅಂತ ಒಂದು ಸಾಲಿನ ಹಿಂಬರಹ ಇದ್ದರೂ ಮುಂದಿನ ಕಚೇರಿಯಲ್ಲಿ ‘ಮೊದಲು ತಾಲ್ಲೂಕಿನಲ್ಲಿ ಕೇಳಿ ಬನ್ನಿ’ ಅಂತ ವಾಪಸ್ ಕಳಿಸುವುದಿಲ್ಲ.

ಎರಡು, ಆರ್.ಆರ್. ನಕಲಿನ ಷರಾ ಕಾಲಂನಲ್ಲಿ ಸಣ್ಣದಾಗಿ ‘ಪೈಮಾಶಿ ನಂ.’ ಅಂತ ಏನೋ ಬರೆದಿತ್ತು. ನೋಡಿದೆ, ಅರ್ಥವಾಗಲಿಲ್ಲ, ಮಡಚಿ ಜೇಬಿಗೆ ಹಾಕಿದೆ.

ಜೂನ್ 28, ಶನಿವಾರ

ಮತ್ತೆ ಹೋದೆ. ಬೀಗ. ನಾಲ್ಕನೇ ಶನಿವಾರ! ಬಸ್ ಚಾರ್ಜ್ ದಂಡ. ಅಕ್ಕನನ್ನು ಕಳಿಸಿದ್ದರೆ ಅದೂ ಉಳಿಯುತ್ತಿತ್ತು, ಶಕ್ತಿ ಯೋಜನೆ ಇದೆಯಲ್ಲ.

ಜುಲೈ 2. ಮಾಹಿತಿ ಹಕ್ಕು ಅರ್ಜಿ, ಮೊದಲನೆಯದು

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ತಾಲ್ಲೂಕು ಕಚೇರಿಗೆ ಕಳಿಸಿದೆ. ಇನಾಂ ಆದೇಶ ಕೊಡಿ, ಸರ್ವೆ ಟಿಪ್ಪಣಿ ಕೊಡಿ, ಹತ್ತು ಗುಂಟೆ ಯಾಕೆ ಕಮ್ಮಿಯಾಯಿತು ತಿಳಿಸಿ ಅಂತ ಎರಡು ಪುಟ ಬರೆದಿದ್ದೆ. ತಾತ ಕಷ್ಟಪಟ್ಟ ಕಥೆಯೂ ಅದರಲ್ಲಿತ್ತು.

ಜುಲೈ 21ಕ್ಕೆ ಉತ್ತರ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಅವರು ಹೇಳಿದ್ದು ಸರಿಯೇ. ಇನ್ನೊಂದು ಮಾತು. ‘ಯಾಕೆ’ ಅಂತ ಕೇಳಿದರೆ ಮಾಹಿತಿ ಹಕ್ಕಿನಲ್ಲಿ ಉತ್ತರ ಸಿಗದು. ಇರುವ ಕಾಗದವನ್ನು ಕೇಳಬೇಕು, ವಿವರಣೆಯನ್ನಲ್ಲ.

ಜುಲೈ 23. ಎರಡನೆಯದು

ಈ ಸಲ ನಾಲ್ಕೇ ಸಾಲು. ಇನಾಂ ಕೇಸ್ ನಂ. 91/59-60ರ ಆದೇಶದ ನಕಲು ಕೊಡಿ. ಅಷ್ಟೆ.

ಆಗಸ್ಟ್ 19ಕ್ಕೆ, 15 ಪುಟ, ಪುಟಕ್ಕೆ 2 ರೂಪಾಯಿಯಂತೆ 30 ರೂಪಾಯಿ ಕಟ್ಟಿ ಅಂತ ಪತ್ರ ಬಂತು. ಖುಷಿಯೋ ಖುಷಿ. ಅದೇ ದಿನ ಕಳಿಸಿದೆ. 25ರಂದು ಲಕೋಟೆ ಬಂತು. ಒಡೆದರೆ ಯಾವುದೋ ಬೇರೆ ಊರು, ಯಾರದೋ ತೆಂಗಿನ ತೋಟ, ನಮಗೆ ಸಂಬಂಧವೇ ಇಲ್ಲದ ಹೆಸರುಗಳು. ಪ್ರತಿ ಪುಟದ ಮೇಲೂ ‘ಮಾಹಿತಿ ಹಕ್ಕು ಅಧಿನಿಯಮದಡಿ ನೀಡಲಾಗಿದೆ’ ಅಂತ ಸೀಲು. ಕಡತ ಸರಿಯಿದ್ದರೂ ಈ ಸೀಲಿನ ನಕಲನ್ನು ಬ್ಯಾಂಕಿನವರು ಒಪ್ಪುತ್ತಾರಾ ಅಂತ ಅವತ್ತೇ ವಕೀಲರಿಗೆ ಫೋನ್ ಮಾಡಿ ಕೇಳಿದೆ. ‘ಗೆರೆ ಎಳೆದು ಕೊಟ್ಟಿದ್ದೆನಲ್ಲಾ’ ಅಂದರು. ಅಂದರೆ ಎರಡು ತಿಂಗಳು ತಪ್ಪು ನಂಬರನ್ನು ತಪ್ಪು ದಾರಿಯಲ್ಲಿ ಹುಡುಕಿದ್ದೆ.

ಆಗಸ್ಟ್ 27. ಗಣೇಶನ ಹಬ್ಬ, ಊರಲ್ಲಿ

ದೊಡ್ಡಪ್ಪನ ಸ್ನೇಹಿತರೊಬ್ಬರು ಶಿರಸ್ತೇದಾರರಾಗಿ ನಿವೃತ್ತರಾದವರು. ಎಂಬತ್ತು ದಾಟಿದೆ. ನಾವೆಲ್ಲ ಮಾವ ಅಂತಲೇ ಕರೆಯುವುದು. ಕಡುಬು ತಿನ್ನುತ್ತಾ ಸುಮ್ನೆ ಚೀಟಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳದೆ ದೂರ ಹಿಡಿದು ನೋಡಿದರು.

“ತೊಂಬತ್ತೊಂದು ಅಂತ ಯಾರಂದ್ರು ನಿಂಗೆ?”

“ನಾನೇ ಓದಿದ್ದು ಮಾವ.”

“ವರ್ಷ ನೋಡು. ಐವತ್ತೊಂಬತ್ತು-ಅರವತ್ತು. ಇದರಲ್ಲಿ ಅನುಮಾನ ಇಲ್ವಲ್ಲ? ಒಂದರ ಹಿಂದೆ ಒಂದು ವರ್ಷ ತಾನೆ ಬರೋದು. ಅಂದ್ಮೇಲೆ ಈ ಗುಮಾಸ್ತ ಒಂಬತ್ತು ಹೆಂಗ್ ಬರೀತಾನೆ, ಆರು ಹೆಂಗ್ ಬರೀತಾನೆ ಅಂತ ಇಲ್ಲೇ ಗೊತ್ತಾಯ್ತು. ಈಗ ಕೇಸ್ ನಂಬರ್ ನೋಡು.”

ನೋಡಿದೆ. ಚೀಟಿಯಲ್ಲಿ ಇದ್ದದ್ದು ೬೧/೫೯-೬೦. ಕನ್ನಡದ ೬ ಮತ್ತು ೯, ಅದರಲ್ಲೂ ಬರವಣಿಗೆ ಬೇಗ ಓಡಿದ್ದರೆ, ಬಾಲ ತಿರುಗಿಸುವುದರಲ್ಲಷ್ಟೇ ಬೇರೆ. ಕೇಸ್ ನಂಬರಿನ ಮೊದಲ ಅಂಕಿ ಅರವತ್ತರ ಆರಿನ ಹಾಗೇ ಇತ್ತು. ಎರಡು ತಿಂಗಳು ಕಣ್ಣ ಮುಂದೆ ಇದ್ದದ್ದು! ನಾನು ಚೀಟಿ ನೋಡುವುದು ಬಿಟ್ಟು ನನ್ನ ನೋಟ್‌ಬುಕ್ಕನ್ನೇ ನೋಡುತ್ತಿದ್ದೆ.

ಮಾವ ಇನ್ನೂ ಮೂರು ವಿಷಯ ಹೇಳಿದರು. ಮೂರೂ ಚಿನ್ನ.

ಬೇರೆ ಊರಿನ ಕಡತದ ಜೊತೆ ಬಂದ ಪತ್ರವನ್ನು ತೆಗೆದು, ಇದು ಯಾವ ಕಚೇರಿಯಿಂದ ಬಂದಿದೆ ನೋಡಿದ್ಯಾ ಅಂದರು. ತಾಲ್ಲೂಕಿನಿಂದ ಬಂದಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ, ಮಾಹಿತಿ ತಮ್ಮಲ್ಲಿ ಇಲ್ಲದಿದ್ದರೆ ಐದು ದಿನದೊಳಗೆ ಅದು ಇರುವ ಕಚೇರಿಗೆ ಅರ್ಜಿ ವರ್ಗಾಯಿಸಬೇಕು. ಹಾಗೆ ವರ್ಗಾಯಿಸಿದ್ದರು. ಉತ್ತರ ಬಂದದ್ದು ಬೇರೆ ಜಿಲ್ಲೆಯ ಕಚೇರಿಯಿಂದ. ನಮ್ಮ ತಾಲ್ಲೂಕು 1959ರಲ್ಲಿ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು. ಈಗ ಅದರ ಹೆಸರೂ ಬೆಂಗಳೂರು ದಕ್ಷಿಣ. ಜಮೀನು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಓಡಾಡಿದೆ. “ಜಮೀನು ಈಗ ಯಾವ ಜಿಲ್ಲೇಲಿ ಅಂತ ಕೇಳ್ಬೇಡ. ಅವತ್ತು ಆ ಕಾಗದಕ್ಕೆ ಸಹಿ ಹಾಕಿದೋನು ಯಾವ ಕಚೇರೀಲಿ ಕೂತಿದ್ದ ಅಂತ ಕೇಳು” ಅಂದರು ಮಾವ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಕೆಂಪು ಪೆನ್ನಲ್ಲಿ ಬರೆದುಕೊಂಡೆ.

ಆಮೇಲೆ ಪೈಮಾಶಿ. ಇನಾಂ ಊರುಗಳಲ್ಲಿ ಸರ್ಕಾರದ ಸರ್ವೆ ಆಗುವ ಮೊದಲು ಹೊಲಗಳಿಗೆ ಇದ್ದದ್ದು ಪೈಮಾಶಿ ನಂಬರ್. ಹಳೇ ಆದೇಶದಲ್ಲಿ ಅದೇ ಇರುತ್ತದೆ. ಈಗಿನ ಸರ್ವೆ ನಂಬರ್ ಹಿಡಿದು ಅಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಜೇಬಿಗೆ ಹಾಕಿಕೊಂಡಿದ್ದ ಆರ್.ಆರ್. ನಕಲು ನೆನಪಾಯಿತು. ಪುಣ್ಯಕ್ಕೆ ಎಸೆದಿರಲಿಲ್ಲ.

ಮೂರನೆಯದು, ಇನಾಂ ಯಾವುದು? 1954ರದ್ದು ವೈಯಕ್ತಿಕ ಮತ್ತು ಇತರೆ ಇನಾಂಗಳ ಕಾಯ್ದೆ. 1955ರದ್ದು ದೇವಸ್ಥಾನ, ಧರ್ಮಾದಾಯದ ಇನಾಂಗಳದ್ದು. “ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಇಟ್ಟಿದ್ರೆ ಎರಡ್ರಲ್ಲೂ ಅರವತ್ತೊಂದು ಇರುತ್ತೆ ಕಣಪ್ಪ.” ಊರಲ್ಲಿ ಕೇಳಿದರೆ ಅರ್ಧ ಜನ ದೇವರ ಊರು ಅಂದರು, ಉಳಿದರ್ಧ ಜೋಡಿದಾರರ ಊರು ಅಂದರು. ಇದನ್ನು ಗೆಜೆಟ್ಟಿನಲ್ಲಿ ನೋಡು, ವಿಕಾಸ ಸೌಧಕ್ಕೆ ಹೋಗು ಅಂದರು.

ಸೆಪ್ಟೆಂಬರ್ 3, 4, 9. ರಾಜ್ಯ ಪತ್ರಾಗಾರ

ಕರ್ನಾಟಕ ರಾಜ್ಯ ಪತ್ರಾಗಾರ ಇರುವುದು ವಿಕಾಸ ಸೌಧದಲ್ಲಿ. ಮೆಟ್ರೋದಲ್ಲಿ ವಿಧಾನಸೌಧದ ನಿಲ್ದಾಣಕ್ಕೆ ಇಳಿದೆ. ಗುರುತಿನ ಚೀಟಿ ಬೇಕು. ಯಾಕೆ ಬಂದಿದ್ದೀರಿ ಅಂತ ಅರ್ಜಿಯಲ್ಲಿ ಬರೆಯಬೇಕು. ಪೆನ್ನು ಚೀಲದಲ್ಲೇ ಬಿಟ್ಟು ಪೆನ್ಸಿಲ್ ತೆಗೆದುಕೊಂಡೆ. ಹಳೇ ಕಾಗದದ ಹತ್ತಿರ ಶಾಯಿ ಬೇಡ ಅಂತ ಮಾವ ಹೇಳಿ ಕಳಿಸಿದ್ದರು. ಎಂಜಲು ಬೆರಳಲ್ಲಿ ಪುಟ ತಿರುಗಿಸಬೇಡ ಅಂತಲೂ ಹೇಳಿದ್ದರು. ಆ ಅಭ್ಯಾಸ ಬಿಡಲು ನನಗೆ ಅರ್ಧ ದಿನ ಹಿಡಿಯಿತು.

ಮೊದಲ ದಿನ ಪೆದ್ದನ ಹಾಗೆ ‘ನಮ್ಮ ತಾತನ ಜಮೀನಿನ ಆದೇಶ ಬೇಕು’ ಅಂದೆ. ಅಲ್ಲಿದ್ದವರು ನಗಲಿಲ್ಲ, ಕೂರಿಸಿ ಹೇಳಿದರು. ಇಲ್ಲಿರುವುದು ಹೆಚ್ಚಾಗಿ ಮೈಸೂರು ಸರ್ಕಾರದ ಸಚಿವಾಲಯ ಮಟ್ಟದ ಕಡತಗಳು, ನಡಾವಳಿಗಳು, ಗೆಜೆಟ್‌ಗಳು. ಒಬ್ಬೊಬ್ಬ ರೈತನ ಕೇಸಿನ ಕಡತ ಜಿಲ್ಲೆ, ತಾಲ್ಲೂಕಿನಲ್ಲೇ ಉಳಿಯುತ್ತದೆ. ಇಲ್ಲಿಯ ಕಡತಗಳನ್ನು ಇಲಾಖೆ, ವರ್ಷ, ಕಡತದ ನಂಬರ್ ಪ್ರಕಾರ ಜೋಡಿಸಿರುತ್ತಾರೆ. ‘ನಮ್ಮೂರಿನ ಬಗ್ಗೆ ಏನಿದೆ’ ಅಂತ ಕೇಳಿದರೆ ಯಾರಿಗೂ ಉತ್ತರ ಕೊಡಲು ಆಗದು. ಯಾವ ಇಲಾಖೆ, ಯಾವ ವರ್ಷ ಅಂತ ಕೇಳುವವನೇ ಹೇಳಬೇಕು.

ಗೆಜೆಟ್ ಕೇಳಿದೆ. ಮೈಸೂರು ಗೆಜೆಟ್ 1866ರಿಂದ ಇದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನದನ್ನು ‘ಕರ್ನಾಟಕ ಗೆಜೆಟ್’ ಅಂತ ಕೇಳುತ್ತಾ ನಾನು ಒಂದು ಗಂಟೆ ಕಳೆದೆ. ಆಮೇಲೆ ಕಾಗುಣಿತದ ಕಾಟ. ಅಧಿಸೂಚನೆ ಇಂಗ್ಲಿಷಿನಲ್ಲಿ. ಈಗಿನ ಬಸ್ ಬೋರ್ಡಿನ ಮೇಲೆ ಇರುವ ಸ್ಪೆಲ್ಲಿಂಗ್ ಹಿಡಿದು ಎರಡು ದಿನ ಹುಡುಕಿದೆ. ಸಿಗಲಿಲ್ಲ. ಮೂರನೇ ದಿನ ಬುದ್ಧಿ ಬಂತು. ಊರಿನ ಹೆಸರು ಬಿಟ್ಟು ತಾಲ್ಲೂಕು, ಹೋಬಳಿಯ ಹೆಸರು ಹಿಡಿದು, ಅದರ ಕೆಳಗಿನ ಎಲ್ಲ ಊರುಗಳನ್ನೂ ಬೆರಳಿಟ್ಟು ಬಾಯಲ್ಲಿ ಉಚ್ಚರಿಸುತ್ತಾ ಹೋದೆ. ಮಧ್ಯದಲ್ಲೊಂದು ಹೆಚ್ಚುವರಿ ಅಕ್ಷರ ಹೊತ್ತು ನಮ್ಮೂರು ಕೂತಿತ್ತು. 1954ರ ಕಾಯ್ದೆ. ಇನಾಂ ಸರ್ಕಾರಕ್ಕೆ ಸೇರಿದ ದಿನ 1959ರ ಫೆಬ್ರವರಿ 1. ಅಂದರೆ 59-60ನೇ ಸಾಲಿನ ಕೇಸ್ ನಂಬರ್ ಕೂಡ ತಾಳೆ ಆಯಿತು.

ಪಕ್ಕದ ಮೇಜಿನಲ್ಲಿ ಮಂಗಳೂರು ಕಡೆಯ ಸಂಶೋಧಕರೊಬ್ಬರು ಕೂತಿದ್ದರು. 1956ಕ್ಕೆ ಮೊದಲು ಅವರ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೂ ಹೊರಟಿದ್ದರು. ಕಲಬುರಗಿ ಕಡೆಯವರಿಗೆ ಹೈದರಾಬಾದು, ಧಾರವಾಡ-ಬೆಳಗಾವಿಯವರಿಗೆ ಮುಂಬೈ. ನನ್ನ ಅಲೆದಾಟ ಮೂರು ಬಸ್ಸಿನಲ್ಲಿ ಮುಗಿಯಿತಲ್ಲ ಅಂತ ಸಮಾಧಾನವಾಯಿತು. ‘ಕಡತ’ ಅಂದರೆ ಏನು ಗೊತ್ತಾ ಅಂತ ಅವರೇ ಕೇಳಿದರು. ನಾನು ಫೈಲು ಅಂದೆ. ಹುಣಸೆ ಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಮೊದಲು ಇದ್ದ ಹೆಸರಂತೆ ಅದು.

ಸೆಪ್ಟೆಂಬರ್ 15. ಜಿಲ್ಲಾ ರೆಕಾರ್ಡ್ ರೂಮ್

ಯಾವ ಕಚೇರಿ ಅಂತ ಹೆಸರು ಬರೆಯುವುದಿಲ್ಲ. ಈ ಸಲ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಐದು ಸಾಲು: ಕಾಯ್ದೆ, ಕೇಸ್ ನಂಬರ್, ಗೆಜೆಟ್ ದಿನಾಂಕ, ಅವತ್ತಿನ ಜಿಲ್ಲೆ-ತಾಲ್ಲೂಕು-ಹೋಬಳಿ, ಪೈಮಾಶಿ ನಂಬರ್. ಅರ್ಜಿ ಟಪಾಲಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ರೆಕಾರ್ಡ್ ಕೀಪರ್ ಚೀಟಿ ನೋಡಿ, “ಇಷ್ಟು ಇದ್ರೆ ಸಾಕಲ್ಲಾ ಸ್ವಾಮಿ, ಎಲ್ಲರೂ ಹಿಂಗೇ ತಂದ್ರೆ ನಮಗೂ ಸುಲಭ” ಅಂದರು. ಮೂರು ತಿಂಗಳ ಹಿಂದೆ ನಾನು ಹೇಗೆ ಬಂದಿದ್ದೆ ಅಂತ ಹೇಳಲಿಲ್ಲ.

ರಿಜಿಸ್ಟರಿನಲ್ಲಿ 61 ಇತ್ತು. ಊರು ನಮ್ಮದೇ, ತಾತನ ಹೆಸರೇ. ಪಕ್ಕದಲ್ಲಿ ಗಂಟಿನ ನಂಬರ್. ಆ ಗಂಟು ಅದರ ಜಾಗದಲ್ಲಿ ಇರಲಿಲ್ಲ.

ಎದೆ ಧಸಕ್ಕೆಂದಿತು. ಕಡತಗಳಿಗೆ ವರ್ಗ ಇರುತ್ತದೆ. ಎ ವರ್ಗ ಶಾಶ್ವತ. ಕೆಳಗಿನ ವರ್ಗಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ‘ನಾಶಪಡಿಸಿದ ಕಡತಗಳ ಪಟ್ಟಿ ನೋಡಬಹುದಾ’ ಅಂತ ಕೇಳಿದೆ. ಅದರಲ್ಲಿ ನಮ್ಮ ಕಡತ ಇರಲಿಲ್ಲ. ಇರಲಿಲ್ಲ ಅಂದರೆ ಎಲ್ಲೋ ಇದೆ ಅಂತ ಅರ್ಥ. ಗುರುವಾರ ಬನ್ನಿ ಅಂದರು.

18ನೇ ತಾರೀಖು, ಮೇಲಿನ ರ‍್ಯಾಕಿನಲ್ಲಿ ಬೇರೆ ಹೋಬಳಿಯ ಗಂಟುಗಳ ಹಿಂದೆ ಸಿಕ್ಕಿತು. ಬಿಚ್ಚಿದಾಗ ಎದ್ದ ಧೂಳಿಗೆ ನಾನೂ ಅಟೆಂಡರ್ ಅಣ್ಣನೂ ಐದು ನಿಮಿಷ ಸೀನಿದೆವು. ಮಾಸ್ಕು ಜೇಬಲ್ಲೇ ಇತ್ತು.

ಹನ್ನೊಂದು ಹಾಳೆ. ತಾತನ ಅರ್ಜಿ, ಶಾನುಭೋಗರ ಹೇಳಿಕೆ, ಸ್ಥಳ ಮಹಜರು, ಕೊನೆಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಆದೇಶ. ಕದೀಂ ಗೇಣಿದಾರ, ಅಂದರೆ ಬಹಳ ಹಿಂದಿನಿಂದ ಉಳುತ್ತಾ ಬಂದವರು ಅಂತ ತಾತನನ್ನು ಒಪ್ಪಿ ಜಮೀನು ಅವರ ಹೆಸರಿಗೆ ನೋಂದಾಯಿಸಿದ್ದರು. ತಾತ ಸಹಿ ಹಾಕುತ್ತಿದ್ದರು ಅಂತ ಅಪ್ಪ ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದರು. ಹೇಳಿಕೆಯ ಕೆಳಗೆ ಇದ್ದದ್ದು ಹೆಬ್ಬೆಟ್ಟು. ನಾನು ಆ ಪುಟವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಆಮೇಲೆ ಮಹಜರು ಓದಿದೆ. ವಿಸ್ತೀರ್ಣ 2 ಎಕರೆ 14 ಗುಂಟೆ. ದೊಡ್ಡಪ್ಪ ಗೆದ್ದರು ಅಂದುಕೊಂಡೆ. ಪಕ್ಕದ ಷರಾ ಕಾಲಂನಲ್ಲಿ ಕನ್ನಡದಲ್ಲಿ: ‘ಈ ಪೈಕಿ ಹಳ್ಳ ಖರಾಬು 10 ಗುಂಟೆ ವಜಾ.’ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ. ಉಳಿದದ್ದು 2 ಎಕರೆ 4 ಗುಂಟೆ. ಹತ್ತು ಗುಂಟೆಯನ್ನು ಯಾರೂ ನುಂಗಿರಲಿಲ್ಲ. ಅದು ಹಳ್ಳ, ಸರ್ಕಾರದ್ದು. ಪಹಣಿಗೆ ಏರಿಸುವಾಗ ಯಾರೋ ಉಳಿದ ವಿಸ್ತೀರ್ಣವನ್ನಷ್ಟೇ ಬರೆದು ಖರಾಬಿನ ಕಾಲಂನಲ್ಲಿ ಸೊನ್ನೆ ಹಾಕಿದ್ದಾರೆ.

ಅಕ್ಟೋಬರ್ 13. ದೃಢೀಕೃತ ನಕಲು ಕೈಗೆ

ದಸರಾ ರಜೆ ಕಳೆದು ಸಿಕ್ಕಿತು. ಗುಂಡು ಸೀಲು, ಸಹಿ, ‘ನಕಲು ಮಾಡಿದವರು, ತಾಳೆ ನೋಡಿದವರು’ ಎಲ್ಲ ಸರಿಯಾಗಿದೆ. ಕಚೇರಿ ಬಿಡುವ ಮೊದಲು ಪ್ರತಿ ಪುಟದ ಹಿಂದೆ ಮುಂದೆ ನೋಡಿದೆ. ಒಂದು ಪುಟಕ್ಕೆ ಸೀಲು ಬಿದ್ದಿರಲಿಲ್ಲ, ಅಲ್ಲೇ ಹಾಕಿಸಿದೆ.

ಖರ್ಚು: ಮಾಹಿತಿ ಹಕ್ಕು ಅರ್ಜಿ ಎರಡು, 20 ರೂಪಾಯಿ. ಯಾರದೋ ತೆಂಗಿನ ತೋಟದ ಕಡತಕ್ಕೆ 30. ಅಂಚೆ 60. ತಾಲ್ಲೂಕಿನ ನಕಲುಗಳು 240. ಆದೇಶದ ನಕಲು ಎಲ್ಲ ಸೇರಿ 180. ಭೂತಗನ್ನಡಿ, ಪೆನ್ಸಿಲ್, ಮಾಸ್ಕು 210. ಬಸ್ಸು, ಮೆಟ್ರೋ 1,470. ಒಟ್ಟು 2,210. ಅಂಗಡಿ ಮುಚ್ಚಿದ್ದು ಎಂಟು ದಿನ, ಅದನ್ನು ಲೆಕ್ಕಕ್ಕೆ ಹಿಡಿದರೆ ಜಾಸ್ತಿ ಆಗುತ್ತದೆ, ಹಿಡಿಯುವುದಿಲ್ಲ. 91ರ ಬದಲು 61 ಅಂತ ಓದಿದ್ದರೆ ಇದರಲ್ಲಿ ಎರಡು ತಿಂಗಳು ಉಳಿಯುತ್ತಿತ್ತು.

ತಾಲ್ಲೂಕು ಕಚೇರಿಗಳ ಹಳೇ ದಾಖಲೆ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಶುರುವಾಗಿದೆ. ನಿಮ್ಮ ತಾಲ್ಲೂಕಿನದ್ದು ಆಗಿದ್ದರೆ ಮೊದಲು ಅದನ್ನು ಕೇಳಿ. ಸ್ಕ್ಯಾನ್ ಆಗಿದ್ದರೂ ೬ ಯಾವುದು, ೯ ಯಾವುದು ಅಂತ ನೀವೇ ನೋಡಬೇಕು.

ಬ್ಯಾಂಕಿನ ವಕೀಲರು ನಕಲು ತೆಗೆದುಕೊಂಡರು. ಈಗ ಪಹಣಿಯಲ್ಲಿ ಖರಾಬು ತಿದ್ದುಪಡಿ ಮಾಡಿಸಿ, ಸರ್ವೆ ಟಿಪ್ಪಣಿ ತನ್ನಿ ಅಂದಿದ್ದಾರೆ. ಅದರ ಅರ್ಜಿ ಹಾಕಿದ್ದೇನೆ, ಕೆಲಸ ಅಲ್ಲಿಗೆ ನಿಂತಿದೆ.

ಅವತ್ತು ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿ ಷರಾ ಕಾಲಂ ಓದಿ ಹೇಳಿದೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

“ಆ ಕಾಗದ ಬ್ಯಾಂಕಿಗೆ ಕೊಡು” ಅಂದರು ಕೊನೆಗೆ. “ಪಕ್ಕದ ಮನೆಯೋನಿಗೆ ಮಾತ್ರ ತೋರಿಸಬೇಡ.”